ಅಮ್ಮನ ಜೊತೆ ‘ಟ್ವೈಲೈಟ್ ಜೋನ್’ ನೋಡಿದ್ದು

ಅಮೆರಿಕದಿಂದ ಮೈಸೂರಿಗೆ ವಾಪಸ್ ಬರುವಾಗ ಎಷ್ಟೋ ಸಾಮಾನು ಅಲ್ಲೇ ಬಿಟ್ಟೆ. ‘ದ ಟ್ವೈಲೈಟ್ ಜೋನ್’ ಬ್ಲೂ-ರೇ ಡಿಸ್ಕ್‌ಗಳನ್ನು ಮಾತ್ರ ಬಿಡಲಿಲ್ಲ. 1959ರಿಂದ 1964ರವರೆಗೆ ಅಮೆರಿಕದ ಸಿಬಿಎಸ್ ಟಿವಿ ವಾಹಿನಿಯಲ್ಲಿ ಬಂದ, ವಿಚಿತ್ರ ಕಥೆಗಳ ಕಪ್ಪು-ಬಿಳುಪು ಸರಣಿ ಅದು. ಐದು ಸೀಸನ್, 156 ಕಂತು. ಒಂದೊಂದು ಕಂತಿಗೂ ಬೇರೆ ಕಥೆ, ಬೇರೆ ಪಾತ್ರಗಳು. 92 ಕಂತುಗಳನ್ನು ಸರಣಿಯನ್ನು ಹುಟ್ಟುಹಾಕಿದ ರಾಡ್ ಸರ್ಲಿಂಗ್ ಒಬ್ಬರೇ ಬರೆದರು. ಅಮ್ಮನಿಗೆ ತೋರಿಸಬೇಕು ಅಂತ ಬಹಳ ದಿನದ ಆಸೆ. ಅವಳಿಗೆ ಇಂಗ್ಲಿಷ್ ಅಷ್ಟಾಗಿ ಬರುವುದಿಲ್ಲ.

ಬ್ಲೂ-ರೇಯಲ್ಲಿ ಅಮೆರಿಕ ‘ಎ’ ವಲಯ, ನಮ್ಮ ದೇಶ ‘ಸಿ’. ಒಂದು ವಲಯದ ಡಿಸ್ಕ್ ಇನ್ನೊಂದು ವಲಯದ ಪ್ಲೇಯರಿನಲ್ಲಿ ಓಡದೇ ಹೋಗಬಹುದು. ಆ ತೊಂದರೆಯೇ ಬೇಡ ಅಂತ ಪ್ಲೇಯರನ್ನೂ ಅಲ್ಲಿಂದಲೇ ತಂದೆ. ತರುವ ಮುಂಚೆ ಅದರ ಹಿಂದಿನ ಚೀಟಿ ನೋಡಿದೆ. 100-240 ವೋಲ್ಟ್ ಅಂತ ಇತ್ತು, ಹಾಗಾಗಿ ಪ್ಲಗ್ ಬದಲಾಯಿಸಿದರೆ ಸಾಕಾಯಿತು. ಬರೀ 110 ಅಂತ ಇದ್ದರೆ ನಮ್ಮ ಕರೆಂಟಿಗೆ ಸುಟ್ಟೇ ಹೋಗುತ್ತದೆ.

ಮೊದಲ ರಾತ್ರಿ ಮನಸ್ಸಿಗೆ ತುಂಬಾ ಬೇಜಾರಾಯಿತು. ಮುಖಗಳೆಲ್ಲ ಅಡ್ಡಕ್ಕೆ ಹಿಗ್ಗಿದ್ದವು. ಕಪ್ಪು ಇರಬೇಕಾದ್ದು ಬೂದಿಯ ಹಾಗಿತ್ತು, ಬಿಳುಪು ನೀಲಿಗೆ ತಿರುಗಿತ್ತು. ಜನ ನಡೆದರೆ ಜಾರಿಕೊಂಡು ಹೋದಂತೆ ಕಾಣುತ್ತಿತ್ತು. “ಹಳೇದು ಅಲ್ವಾ, ಹೀಗೇ ಇರುತ್ತೆ ಬಿಡು” ಅಂದಳು ಅಮ್ಮ. ಹಳೆಯದು ಅನ್ನುವುದು ಕಾರಣವೇ ಅಲ್ಲ. ಇದನ್ನು ಸಿನಿಮಾದ ಹಾಗೆ 35 ಎಂಎಂ ಫಿಲ್ಮಿನಲ್ಲಿ ತೆಗೆದಿದ್ದಾರೆ. ಛಾಯಾಗ್ರಾಹಕ ಜಾರ್ಜ್ ಕ್ಲೆಮೆನ್ಸ್ ಅವರಿಗೆ ಈ ಕೆಲಸಕ್ಕೆ ಅಮೆರಿಕದ ಟಿವಿ ಕ್ಷೇತ್ರದ ದೊಡ್ಡ ಗೌರವವಾದ ಎಮ್ಮಿ ಪ್ರಶಸ್ತಿ ಬಂದಿದೆ. ಡಿಸ್ಕಿನಲ್ಲಿ ಎಲ್ಲವೂ ಚೆನ್ನಾಗಿಯೇ ಇದೆ. ಕೆಡಿಸುತ್ತಿದ್ದದ್ದು ನಮ್ಮ ಟಿವಿ.

ಮಾರನೇ ದಿನ ರಿಮೋಟ್ ಹಿಡಿದು ಕೂತೆ. ಮೊದಲು ಚಿತ್ರದ ಆಕಾರ. ಆಗಿನ ಟಿವಿಯ ಅಳತೆ 4:3, ಆದ್ದರಿಂದ ಎಡಕ್ಕೂ ಬಲಕ್ಕೂ ಕಪ್ಪು ಪಟ್ಟಿ ಇರಲೇಬೇಕು. ಪರದೆ ತುಂಬಲಿ ಅಂತ ಎಳೆದರೆ ಮುಖ ಕೆಡುತ್ತದೆ. ಆಮೇಲೆ ಚಲನೆಯನ್ನು ನುಣುಪು ಮಾಡುವ ಸೆಟ್ಟಿಂಗ್ ಆಫ್ ಮಾಡಿದೆ. ಒಂದೊಂದು ಕಂಪನಿ ಅದಕ್ಕೆ ಒಂದೊಂದು ಹೆಸರಿಟ್ಟಿದೆ, ಮೆನುವಿನಲ್ಲಿ ಹುಡುಕಬೇಕು. ಫಿಲ್ಮಿನಲ್ಲಿ ಸೆಕೆಂಡಿಗೆ 24 ಚಿತ್ರ. ಟಿವಿ ನಡುನಡುವೆ ತಾನೇ ಚಿತ್ರ ಸೃಷ್ಟಿಸಿ ತುರುಕುತ್ತದೆ, ಆ ಜಾರಾಟ ಬರುವುದು ಅದರಿಂದಲೇ. ಬಣ್ಣದ ಹದವನ್ನು ‘ವಾರ್ಮ್’ಗೆ ಇಟ್ಟ ಕೂಡಲೇ ನೀಲಿ ಹೋಯಿತು. ಶಾರ್ಪ್‌ನೆಸ್ ತುಂಬಾ ಇಳಿಸಿದೆ. ಕೋಣೆಯ ಬೆಳಕು ನೋಡಿ ತಾನೇ ಏರಿಳಿಯುವ ಸೌಲಭ್ಯವನ್ನೂ ತೆಗೆದುಹಾಕಿದೆ.

ಬ್ರೈಟ್‌ನೆಸ್‌ಗೆ ಜಾಸ್ತಿ ಹೊತ್ತು ಹಿಡಿಯಿತು. ಎರಡನೇ ಸೀಸನ್ನಿನಿಂದ ಸರ್ಲಿಂಗ್ ತಾವೇ ಕ್ಯಾಮೆರಾ ಮುಂದೆ ಬಂದು ಕಥೆ ಶುರು ಮಾಡುತ್ತಾರೆ, ಗಾಢ ಬಣ್ಣದ ಸೂಟಿನಲ್ಲಿ. ಅಲ್ಲೇ ನಿಲ್ಲಿಸಿದೆ. ಪಕ್ಕದ ಪಟ್ಟಿ ಬೂದಿಯಾಗಬಾರದು, ಆದರೆ ಸೂಟಿನ ಕಾಲರಿನ ಮಡಿಕೆ ಕಾಣಬೇಕು. ಅದು ಕಾಣದಷ್ಟು ಕಪ್ಪಾದರೆ ಒಂದು ಮೆಟ್ಟಿಲು ಮೇಲೆ, ಪಟ್ಟಿ ಬೆಳ್ಳಗಾದರೆ ಒಂದು ಮೆಟ್ಟಿಲು ಕೆಳಗೆ. ಹೀಗೆ ಏರಿಸುತ್ತಾ ಇಳಿಸುತ್ತಾ ಹದ ಸಿಕ್ಕಿತು. ಟ್ಯೂಬ್‌ಲೈಟ್ ಆರಿಸಿ ನೋಡಿದಾಗಲೇ ಇದು ಗೊತ್ತಾಗುವುದು.

ಆ ರಾತ್ರಿ ‘ದಿ ಇನ್ವೇಡರ್ಸ್’ ಹಾಕಿದೆ, 1961ರ ಜನವರಿಯ ಕಂತು. ಅದನ್ನು ಬೇಕೆಂದೇ ಆರಿಸಿದ್ದೆ. ಒಂಟಿ ಮನೆ, ಒಬ್ಬಳೇ ಹೆಂಗಸು, ಸೂರಿನ ಮೇಲೆ ಏನೋ ಸದ್ದು. ಆಗ್ನೆಸ್ ಮೂರ್‌ಹೆಡ್ ಇಡೀ ಕಂತಿನಲ್ಲಿ ಒಂದು ಮಾತೂ ಆಡುವುದಿಲ್ಲ. ಮೋಂಬತ್ತಿಯ ಬೆಳಕು, ಸುತ್ತ ಕತ್ತಲೆ, ಆ ಮುಖ. ಅಮ್ಮ ಕಾಲು ಮಡಚಿಕೊಂಡು ಕೂತವಳು ಅಲ್ಲಾಡಲಿಲ್ಲ. “ಪಾಪ, ಕೂಗೋಕೂ ಯಾರೂ ಇಲ್ವಲ್ಲೇ ಅವಳಿಗೆ” ಅಂದಳು. ಕೊನೆಯಲ್ಲಿ ಏನಾಗುತ್ತದೆ ಅಂತ ನಾನು ಇಲ್ಲಿ ಹೇಳುವುದಿಲ್ಲ, ಅವಳಿಗೂ ಮುಂಚೆ ಹೇಳಿರಲಿಲ್ಲ.

ಮಾತಿರುವ ಕಂತುಗಳಿಗೆ ಬೇರೆ ದಾರಿ ಬೇಕಾಯಿತು. ಮೊದಮೊದಲು ಒಂದೊಂದು ಮಾತನ್ನೂ ಕನ್ನಡದಲ್ಲಿ ಹೇಳುತ್ತಾ ಹೋದೆ. ಅಮ್ಮ ನನ್ನ ಬಾಯಿ ನೋಡುತ್ತಿದ್ದಳು, ಪರದೆ ನೋಡುತ್ತಿರಲಿಲ್ಲ. ಆಮೇಲೆ ಸರ್ಲಿಂಗ್ ಅವರ ಆರಂಭದ ಮಾತು ಮುಗಿದ ಮೇಲೆ ನಿಲ್ಲಿಸಿ, ಅಷ್ಟನ್ನು ಮಾತ್ರ ಹೇಳಿ ಸುಮ್ನೆ ಕೂತೆ. ಮೇಪಲ್ ಸ್ಟ್ರೀಟಿನ ಕಥೆಗೆ ಅಷ್ಟೇ ಸಾಕಾಯಿತು. ಬೀದಿಯಲ್ಲೆಲ್ಲ ಕರೆಂಟ್ ಹೋಗಿ, ಅಕ್ಕಪಕ್ಕದವರು ಒಬ್ಬರನ್ನೊಬ್ಬರು ಅನುಮಾನಿಸುವ ಕಥೆ. ಇನ್ನೇನು ವಿವರಿಸಬೇಕು!

ನಾಲ್ಕನೇ ಸೀಸನ್ನಿನ 18 ಕಂತುಗಳು ಒಂದೊಂದು ಗಂಟೆಯ ಪ್ರಸಾರಕ್ಕೆ ಮಾಡಿದವು. ಕಥೆ ಎಳೆದಂತೆ ಅನಿಸುತ್ತದೆ, ರಾತ್ರಿ ಅಮ್ಮನಿಗೆ ನಿದ್ದೆ ಬರುತ್ತದೆ. ಅವನ್ನು ಭಾನುವಾರ ಮಧ್ಯಾಹ್ನಕ್ಕೆ ಇಟ್ಟುಕೊಂಡಿದ್ದೇವೆ.

ಎರಡನೇ ಸೀಸನ್ನಿನ ಆರು ಕಂತುಗಳನ್ನು ಖರ್ಚು ಉಳಿಸಲು ವಿಡಿಯೋ ಟೇಪಿನಲ್ಲಿ ತೆಗೆದರು. ಅವು ಬ್ಲೂ-ರೇಯಲ್ಲೂ ಮಸುಕು. ನಾನು ಯಾವ ಸೆಟ್ಟಿಂಗ್ ಮುಟ್ಟಿದರೂ ಪ್ರಯೋಜನವಿಲ್ಲ, ಟೇಪಿನಲ್ಲಿ ಇರುವುದೇ ಅಷ್ಟು. “ಆಗಿನ ದೂರದರ್ಶನದ ನಾಟಕದ ಹಾಗಿದೆ” ಅಂದಳು ಅಮ್ಮ, ಖುಷಿಯಿಂದಲೇ. ಅದರಲ್ಲೊಂದು ‘ಸ್ಟ್ಯಾಟಿಕ್’. ವಯಸ್ಸಾದ ಒಬ್ಬಾತನಿಗೆ ಹಳೆಯ ರೇಡಿಯೋದಲ್ಲಿ ಎಂದೋ ನಿಂತುಹೋದ ಕಾರ್ಯಕ್ರಮಗಳು ಕೇಳಿಸುತ್ತವೆ. ಬೇರೆಯವರಿಗೆ ಬರೀ ಗೊರಗೊರ. ಮುಗಿದ ಮೇಲೆ ಅಮ್ಮ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಅಪ್ಪ ದಿನಾ ಬೆಳಿಗ್ಗೆ ರೇಡಿಯೋ ಹಚ್ಚಿ ಗಡ್ಡ ಕೆರೆದುಕೊಳ್ಳುತ್ತಿದ್ದದ್ದನ್ನು ಹೇಳಿದಳು. ಆಮೇಲೆ, “ಅದನ್ನೇ ಇನ್ನೊಂದ್ಸಲ ಹಾಕೇ” ಅಂದಳು. ಹನ್ನೊಂದು ಗಂಟೆಯಾಗಿತ್ತು. ಹಾಕಿದೆ.