ಏರಿಯಾದ ಪ್ಲೇಹೋಮ್, ಡೇಕೇರ್, ಬೇಬಿ ಸಿಟ್ಟಿಂಗ್‌ನೋರೆಲ್ಲ ಸೇರಿ ಸಂಘ ಕಟ್ಟೋದು ಹೇಗೆ

ಕೊರೋನಾ ಅಂತ 2020ರ ಮಾರ್ಚ್‌ನಲ್ಲಿ ಮುಚ್ಚಿದ ಎಲ್‌ಕೆಜಿ, ಯುಕೆಜಿ, ಅಂಗನವಾಡಿಗಳು ಕರ್ನಾಟಕದಲ್ಲಿ ಮತ್ತೆ ತೆರೆದಿದ್ದು 2021ರ ನವೆಂಬರ್ 8ಕ್ಕೆ. ಹತ್ತಿರ ಹತ್ತಿರ ಇಪ್ಪತ್ತು ತಿಂಗಳು. ಅಷ್ಟರಲ್ಲಿ ಬೆಂಗಳೂರಲ್ಲಿ ನಮ್ಮ ಕತ್ರಿಗುಪ್ಪೆ ಸುತ್ತಮುತ್ತ ಬಾಡಿಗೆ ಕಟ್ಟಕ್ಕಾಗದೆ ಬೋರ್ಡ್ ಇಳಿಸಿದೋರನ್ನ ನಾನೇ ಕಣ್ಣಾರೆ ನೋಡಿದೀನಿ, ಪುಟ್ಟ ಪುಟ್ಟ ಕುರ್ಚಿ, ಜಾರುಬಂಡೆ ಎಲ್ಲಾ ಬಂದಷ್ಟಕ್ಕೆ ಬರಲಿ ಅಂತ ಮಾರಿಬಿಟ್ರು. ದೊಡ್ಡ ಶಾಲೆಗಳ ಪರ ಮಾತಾಡಕ್ಕೆ ಅವರ ಆಡಳಿತ ಮಂಡಳಿಗಳ ಸಂಘ ಇತ್ತು, ಮನೆಯ ಕೆಳಗಡೆ ಎರಡು ರೂಮಲ್ಲಿ ಮಕ್ಕಳನ್ನ ನೋಡ್ಕೊಳ್ಳೋ ನಮ್ಮ ಕಷ್ಟ ಯಾರ ಕಿವಿಗೂ ಬೀಳಲಿಲ್ಲ. ಆಮೇಲೆ ನಾವು ಹದಿನಾಲ್ಕು ಜನ ಸೇರಿ ಒಂದು ಸಂಘ ಮಾಡ್ಕೊಂಡ್ವಿ, ನಿಮ್ಮ ಏರಿಯಾದಲ್ಲೂ ಮಾಡ್ಬೇಕು ಅಂತಿದ್ರೆ ಇದನ್ನ ಓದಿ.

ಇಂಗ್ಲೆಂಡ್‌ನಲ್ಲಿ ಶಾಲೆಗಳ ದುಡ್ಡಿನ ವಿಷಯ ಚರ್ಚೆ ಮಾಡಕ್ಕೆ ಸ್ಥಳೀಯ ಆಡಳಿತದ ಮಟ್ಟದಲ್ಲಿ ಸ್ಕೂಲ್ಸ್ ಫೋರಂ ಅಂತ ಇರತ್ತೆ, ಅದರಲ್ಲಿ ಪುಟ್ಟ ಮಕ್ಕಳನ್ನ ನೋಡ್ಕೊಳ್ಳೋರ ಪರವಾಗಿ ಒಬ್ಬರು ಇರಲೇಬೇಕು ಅಂತ 2012ರ ನಿಯಮದಲ್ಲೇ ಬರೆದಿದಾರೆ. ನಮ್ಮನ್ನ ಹಾಗೆ ಕರೆದು ಕೂರಿಸೋರು ಇಲ್ಲ, ನಾವೇ ಹೋಗಿ ಬಾಗಿಲು ತಟ್ಟಬೇಕು. ತಟ್ಟಿದ್ರೆ ತೆಗೀತಾರೆ ಅನ್ನೋದಕ್ಕೆ ಅಂಗನವಾಡಿ ಅಮ್ಮಂದಿರೇ ಸಾಕ್ಷಿ. 2024ರಲ್ಲಿ ಸರ್ಕಾರಿ ಶಾಲೆಗಳಲ್ಲಿ ಎಲ್‌ಕೆಜಿ, ಯುಕೆಜಿ ಶುರು ಮಾಡ್ತಾರೆ ಅಂದಾಗ ಅದು ಬೇಡ ಅಂತ ಬೆಂಗಳೂರಿನ ಫ್ರೀಡಂ ಪಾರ್ಕ್‌ನಲ್ಲಿ ಧರಣಿ ಕೂತ್ರು, ಆಮೇಲೆ ಅದೇ ವರ್ಷ ಅಂಗನವಾಡಿಗಳಲ್ಲೇ ಸರ್ಕಾರಿ ಮಾಂಟೆಸ್ಸರಿ ಶುರುವಾಯ್ತು.

ಮೊದಲು ಕಾಲ್ನಡಿಗೆಯಲ್ಲಿ ಏರಿಯಾ ಸುತ್ತಿ. ಗೂಗಲ್ ಮ್ಯಾಪಲ್ಲಿ ಬಣ್ಣದ ಬೋರ್ಡ್ ಇರೋ ಪ್ಲೇಹೋಮ್‌ಗಳು ಮಾತ್ರ ಸಿಗ್ತವೆ, ಬೇಬಿ ಸಿಟ್ಟಿಂಗ್ ಮಾಡೋ ಆಂಟಿಗಳು ಸಿಗಲ್ಲ, ಅವರ ವಿಳಾಸ ಬೇಕಂದ್ರೆ ಹಾಲಿನ ಬೂತ್‌ನಲ್ಲೋ ಆಟೋ ಸ್ಟ್ಯಾಂಡ್‌ನಲ್ಲೋ ಕೇಳ್ಬೇಕು. ಅಂಗನವಾಡಿ ಕಾರ್ಯಕರ್ತೆಯನ್ನೂ ಮಾತಾಡಿಸಿ, ಅವರಿಗೆ ಅವರದೇ ಯೂನಿಯನ್ ಇರತ್ತೆ ನಿಜ, ಆದ್ರೆ ಯಾವ ಬೀದೀಲಿ ಎಷ್ಟು ಮಕ್ಕಳಿದಾರೆ ಅಂತ ಅವರಷ್ಟು ಗೊತ್ತಿರೋರು ಇನ್ನೊಬ್ಬರಿಲ್ಲ.

ಮೀಟಿಂಗ್ ಭಾನುವಾರ ಬೆಳಗ್ಗೆ ಇಡಿ. ನಾವು ಮೊದಲನೇದನ್ನ ಶನಿವಾರ ಮೂರು ಗಂಟೆಗೆ ಇಟ್ಟು ದೊಡ್ಡ ತಪ್ಪು ಮಾಡಿದ್ವಿ. ಹೊಸಕೆರೆಹಳ್ಳಿ ಕಡೆಯಿಂದ ಒಬ್ಬಕ್ಕ ಒಂದು ಮಗೂನ ಎತ್ಕೊಂಡೇ ಬಂದಿದ್ರು, ಮಗುವಿನ ತಾಯಿ ಮೈಸೂರು ರೋಡ್‌ನಲ್ಲಿ ಗಾರ್ಮೆಂಟ್ಸ್ ಕೆಲಸ, ಶನಿವಾರನೂ ಡ್ಯೂಟಿ. ನಾವೆಲ್ಲ ಒಂದನೇ ಕ್ಲಾಸಿಗೆ ಎಷ್ಟು ವಯಸ್ಸಾಗಿರಬೇಕು ಅನ್ನೋ ಸರ್ಕಾರಿ ಆರ್ಡರ್ ಬಗ್ಗೆನೇ ಒಂದು ಗಂಟೆ ಮಾತಾಡಿದ್ವಿ, ಆಯಮ್ಮ ಹಿಂದೆ ಬಾಗಿಲ ಹತ್ರ ನಿಂತು ಮಗುವಿನ ಬೆನ್ನು ತಟ್ತಾ ಮಲಗಿಸ್ತಿದ್ರು. ಕೊನೇಲಿ ಕೇಳಿದ್ದಕ್ಕೆ, "ಮೇಡಂ, ನಮ್ಮ ಹತ್ರ ಇರೋವೆಲ್ಲ ಎರಡು ವರ್ಷದೊಳಗಿನವು, ವಯಸ್ಸಿನ ಆರ್ಡರ್ ನಮಗೇನಾಗ್ಬೇಕು, ಓನರ್ರು ಮಕ್ಕಳ ಗಲಾಟೆ ಜಾಸ್ತಿ ಆಯ್ತು ಮನೆ ಖಾಲಿ ಮಾಡಿ ಅಂತಿದಾರೆ, ಅದಕ್ಕೇನಾದ್ರೂ ಮಾಡ್ತೀರಾ" ಅಂದ್ರು. ಯಾರಿಗೂ ಮಾತೇ ಹೊರಡಲಿಲ್ಲ. ಅವತ್ತಿಂದ ಪ್ರತಿ ಮೀಟಿಂಗ್‌ನಲ್ಲೂ ಮೊದಲ ಮಾತು ಅತಿ ಕಡಿಮೆ ಮಕ್ಕಳಿರೋರದ್ದು, ನೀವೂ ಹೀಗೇ ಮಾಡಿ.

ಪ್ರತಿನಿಧಿಗಳು ಇಬ್ಬರಿರಲಿ, ಒಬ್ಬರು ಪ್ಲೇಹೋಮ್ ಕಡೆಯವರು, ಒಬ್ಬರು ಡೇಕೇರ್ ಅಥವಾ ಬೇಬಿ ಸಿಟ್ಟಿಂಗ್ ಕಡೆಯವರು. ರಿಜಿಸ್ಟರ್ ಮಾಡಿಸೋದಾದ್ರೆ 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ ಪ್ರಕಾರ ಕನಿಷ್ಠ ಏಳು ಜನ ಬೇಕು. ಮೊದಲ ವರ್ಷ ಅದಿಲ್ಲದೆನೂ ನಡೆಯತ್ತೆ, ಮೀಟಿಂಗ್‌ನಲ್ಲಿ ಏನಾಯ್ತು ಅಂತ ಬರೆದಿಡೋ ಒಂದು ನಡಾವಳಿ ಪುಸ್ತಕ ಇದ್ರೆ ಸಾಕು. ಅದರಲ್ಲಿ ಎಲ್ಲರೂ ಒಪ್ಪಿದ್ದನ್ನ ಮಾತ್ರ ಬರೀಬೇಡಿ, ಒಪ್ಪದೇ ಇದ್ದದ್ದನ್ನೂ ಬರೀರಿ. 2025ರಲ್ಲಿ ಒಂದನೇ ಕ್ಲಾಸಿಗೆ ಆರು ವರ್ಷ ತುಂಬಿರಬೇಕು ಅನ್ನೋದನ್ನ ಪೋಷಕರು ಬೇಡಿಕೊಂಡಮೇಲೆ ಆ ಒಂದು ವರ್ಷದ ಮಟ್ಟಿಗೆ ಐದು ವರ್ಷ ಐದು ತಿಂಗಳಿಗೆ ಇಳಿಸಿದ್ರಲ್ಲ, ಆಗ ನಮ್ಮಲ್ಲೇ ಎರಡು ಪಂಗಡ ಆಯ್ತು. ಮಗು ಇನ್ನೊಂದು ವರ್ಷ ಆಡ್ಕೊಂಡಿರಲಿ ಅನ್ನೋರು ಅರ್ಧ, ಯುಕೆಜಿ ಮುಗಿಸಿದ ಮಗೂನ ಮತ್ತೆ ಅಲ್ಲೇ ಕೂರಿಸಬೇಡಿ ಅನ್ನೋರು ಅರ್ಧ. ಕಚೇರಿಗೆ ಹೋದೋರು ಎರಡನ್ನೂ ಹೇಳ್ಬೇಕು, ತನಗೆ ಬೇಕಾದ್ದನ್ನ "ನಮ್ಮ ಸಂಘದ ಅಭಿಪ್ರಾಯ" ಅಂತ ಹೇಳಿ ಬಂದ್ರೆ ಅದು ಮೋಸ.

ಒಂದು ಮನವಿ ಪತ್ರದಲ್ಲಿ ಒಂದೇ ವಿಷಯ ಇರಲಿ. ವಯಸ್ಸು, ಅಡ್ಮಿಷನ್ ವಿಚಾರ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ, ಅಂಗನವಾಡಿ ವಿಚಾರ ಸಿಡಿಪಿಒಗೆ (ಶಿಶು ಅಭಿವೃದ್ಧಿ ಯೋಜನಾಧಿಕಾರಿ), ಆಸ್ತಿ ತೆರಿಗೆ, ಟ್ರೇಡ್ ಲೈಸೆನ್ಸ್ ಪಾಲಿಕೆಗೆ. ಬೆಂಗಳೂರಲ್ಲಿ 2025ರ ಸೆಪ್ಟೆಂಬರ್‌ನಿಂದ ಬಿಬಿಎಂಪಿ ಹೋಗಿ ಐದು ಪಾಲಿಕೆ ಆಗಿದಾವೆ, ನಿಮ್ಮ ವಾರ್ಡ್ ಯಾವುದಕ್ಕೆ ಸೇರಿದೆ ನೋಡ್ಕೊಂಡು ಹೋಗಿ. ಒಂದು ಕಚೇರೀಲಿ ನಮಗೆ "ಇದು ನಮಗೆ ಬರಲ್ಲ" ಅಂತ ಬಾಯಿ ಮಾತಲ್ಲೇ ಮೂರು ಸಲ ವಾಪಸ್ ಕಳಿಸಿದ್ರು, ನಾಲ್ಕನೇ ಸಲ ಕಚೇರಿಯ ಟಪಾಲು ವಿಭಾಗದಲ್ಲಿ ಕೊಟ್ಟು ನಮ್ಮ ಕಾಪಿ ಮೇಲೆ ಸೀಲು, ತಾರೀಖು ಹಾಕಿಸ್ಕೊಂಡು, ನಿಮಗೆ ಬರಲ್ಲ ಅಂದ್ರೆ ಹಾಗಂತಲೇ ಬರವಣಿಗೇಲಿ ಹಿಂಬರಹ ಕೊಡಿ ಸಾರ್ ಅಂದ್ವಿ, ಫೈಲ್ ಓಡಾಡಕ್ಕೆ ಶುರುವಾಯ್ತು. ಆಗ್ಲೂ ಉತ್ತರ ಬರದಿದ್ರೆ ಹತ್ತು ರೂಪಾಯಿ ಕಟ್ಟಿ ಆರ್‌ಟಿಐ ಹಾಕಿ, 30 ದಿನದೊಳಗೆ ಉತ್ತರ ಕೊಡ್ಬೇಕು.

ಇನ್ನೊಂದು ವಿಷಯ, ಇದರಲ್ಲಿ ರಾಜಿ ಬೇಡ. ಸೇರೋರು ಎಲ್ಲರೂ ಇಪ್ಪತ್ತು ಮಕ್ಕಳಿಗೆ ಒಬ್ಬ ಟೀಚರ್, ಒಬ್ಬ ಆಯಾ ಇಡ್ತೀವಿ, ಕೆಲಸದವರ ಪೊಲೀಸ್ ವೆರಿಫಿಕೇಶನ್ ಮಾಡಿಸ್ತೀವಿ ಅಂತ ಬರೆದು ಸೈನ್ ಹಾಕ್ಲಿ. ಯಾರಾದ್ರೂ ಮಗು ಮೇಲೆ ಕೈ ಮಾಡಿದ್ರು ಅಂತ ದೂರು ಬಂದ್ರೆ ಸಂಘ ಅವರ ಪರ ಒಂದು ಮಾತೂ ಆಡಬಾರದು, ಮೊದಲು ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಹೋಗ್ಬೇಕು.

ಕಚೇರಿಗೆ ಹೋಗಿ ಬಂದ ದಿನ ರಾತ್ರಿನೇ ಏನಾಯ್ತು ಅಂತ ಗ್ರೂಪಿಗೆ ಹಾಕಿ, ಉದ್ದುದ್ದ ಟೈಪ್ ಮಾಡಬೇಡಿ, ವಾಯ್ಸ್ ಮೆಸೇಜ್ ಹಾಕಿ. ಹೊಸಕೆರೆಹಳ್ಳಿ ಅಕ್ಕ ಅದನ್ನ ಕೇಳೋದು ರಾತ್ರಿ ಎಂಟರ ಮೇಲೆ, ಕೊನೇ ಮಗು ಮನೆಗೆ ಹೋದ್ಮೇಲೆ, ಪಾತ್ರೆ ತೊಳೀತಾ.