ಫ್ಯಾನ್ ಅರೆಸುತ್ತು ತಿರುಗಿ ನಿಲ್ಲುತ್ತಿದ್ದ ಕಂಪ್ಯೂಟರ್

ಹೊಸ ಕಂಪ್ಯೂಟರ್ ಆನ್ ಆಗ್ತಿಲ್ಲ ಎಂದು ಯಾರಾದರೂ ಕರೆದರೆ ನಾನು ಮೊದಲು ಕೇಳುವುದು, ಬಟನ್ ಒತ್ತಿದಾಗ ಏನಾಗುತ್ತದೆ ಅಂತ. ಸದ್ದೇ ಇಲ್ಲವೋ? ಫ್ಯಾನ್ ತಿರುಗುತ್ತಾ ಇದ್ದು ಸ್ಕ್ರೀನ್ ಮಾತ್ರ ಕಪ್ಪೋ? ಅಥವಾ ಅರೆಸುತ್ತು ತಿರುಗಿ ನಿಲ್ಲುತ್ತದೋ? ಒಂದೊಂದಕ್ಕೂ ಹುಡುಕುವ ಜಾಗ ಬೇರೆ.

ಮಂಗಳೂರಿನ ಕದ್ರಿಯಲ್ಲಿ ನಮ್ಮ ಪಕ್ಕದ ಮನೆಯ ಹುಡುಗ ಜೋಡಿಸಿದ್ದು ಕೊನೆಯ ಜಾತಿಯದ್ದು. ರೈಜನ್ 5 7600 ಪ್ರೊಸೆಸರ್, ಬಿ650 ಚಿಪ್‌ಸೆಟ್‌ನ ಎಟಿಎಕ್ಸ್ ಅಳತೆಯ ದೊಡ್ಡ ಮದರ್‌ಬೋರ್ಡ್, 16 ಜಿಬಿಯ ಎರಡು ಡಿಡಿಆರ್5 ರ್‍ಯಾಮ್, ಒಂದು ಗ್ರಾಫಿಕ್ಸ್ ಕಾರ್ಡ್. ಕ್ಯಾಬಿನೆಟ್ ಮಾತ್ರ ಅಣ್ಣನ ಹಳೇ ಕಂಪ್ಯೂಟರಿನದ್ದು.

"ಪ್ರೊಸೆಸರ್ ಹೋಗಿದೆಯಾ ಎಂತ ಅಂಕಲ್?" ಎಂದ. ಪ್ರೊಸೆಸರ್ ಹೋಗುವುದು ತೀರಾ ಅಪರೂಪ. ಅವನ ಅಮ್ಮ ಮಳೆಗಾಲದ ತಂಡಿ ಎಂದರು. ಮಂಗಳೂರಿನ ತಂಡಿಗೆ ಸ್ಕ್ರೂ ತುಕ್ಕು ಹಿಡಿಯುತ್ತದೆ, ಕ್ಯಾಮೆರಾ ಲೆನ್ಸಿಗೆ ಬೂಷ್ಟು ಬರುತ್ತದೆ, ಸರಿ. ಆದರೆ ನಿನ್ನೆ ಡಬ್ಬದಿಂದ ತೆಗೆದ ಬೋರ್ಡಿಗೆ ಅದೇನೂ ಮಾಡುವುದಿಲ್ಲ.

ಫ್ಯಾನ್ ಹೀಗೆ ಅಲ್ಲಾಡಿ ನಿಂತರೆ ನನಗೆ ಮೊದಲು ಬರುವ ಅನುಮಾನ ಶಾರ್ಟ್ ಸರ್ಕ್ಯೂಟ್. ಎಲ್ಲೋ ಶಾರ್ಟ್ ಆದ ಕೂಡಲೇ ಎಸ್‌ಎಂಪಿಎಸ್ (ಕಂಪ್ಯೂಟರಿಗೆ ಕರೆಂಟ್ ಕೊಡುವ ಪೆಟ್ಟಿಗೆ) ತನ್ನನ್ನು ತಾನೇ ಆಫ್ ಮಾಡಿಕೊಳ್ಳುತ್ತದೆ. ಅದರಿಂದ ಬೋರ್ಡಿಗೆ ಬರುವ 24 ಪಿನ್, 8 ಪಿನ್ ಕನೆಕ್ಟರ್ ಎರಡೂ ಸರಿಯಾಗಿ ಕೂತಿದ್ದವು. ಗ್ರಾಫಿಕ್ಸ್ ಕಾರ್ಡ್ ತೆಗೆದೆ, ರ್‍ಯಾಮ್ ಒಂದೇ ಬಿಟ್ಟೆ, ಕ್ಯಾಬಿನೆಟ್ಟಿನ ಮುಂದಿನ ಯುಎಸ್‌ಬಿ ವೈರುಗಳನ್ನೂ ಕಳಚಿದೆ. ಅದೇ ಕತೆ.

ಇನ್ನು ಒಳಗೆ ಕೈ ಹಾಕಿ ಪ್ರಯೋಜನ ಇಲ್ಲ ಎಂದು ಬೋರ್ಡನ್ನೇ ಹೊರಗೆ ತೆಗೆದು ಅದರ ರಟ್ಟಿನ ಡಬ್ಬದ ಮೇಲೆ ಇಟ್ಟೆ. ಅದು ಬಂದ ಬೆಳ್ಳಿ ಬಣ್ಣದ ಕವರಿನ ಮೇಲೆ ಇಡಬಾರದು, ಆ ಕವರಿನ ಹೊರಮೈಯಲ್ಲಿ ಕರೆಂಟ್ ಹರಿಯಬಹುದು. ಪವರ್ ಸ್ವಿಚ್ಚಿನ ಎರಡು ಪಿನ್‌ಗಳನ್ನು ಸ್ಕ್ರೂಡ್ರೈವರ್ ತುದಿಯಿಂದ ಒಂದು ಕ್ಷಣ ಮುಟ್ಟಿಸಿದೆ. ಫ್ಯಾನ್ ತಿರುಗಿತು, ನಿಲ್ಲಲಿಲ್ಲ!

ಬೋರ್ಡಿನ ಮೇಲೆ ಡಿರ್‍ಯಾಮ್ ಎಂದು ಬರೆದ ಹಳದಿ ದೀಪ ಉರಿಯಿತು, ಸ್ಕ್ರೀನ್ ಕಪ್ಪು. ಹುಡುಗ ಆಫ್ ಮಾಡಲು ಹೊರಟ. "ಮುಟ್ಟಬೇಡ ಮಾರಾಯ" ಎಂದೆ. ಈ ಬೋರ್ಡುಗಳು ಮೊದಲ ಸಲ ಡಿಡಿಆರ್5 ರ್‍ಯಾಮಿಗೆ ಹೊಂದಿಕೊಳ್ಳಲು ಕೆಲವು ನಿಮಿಷ ತೆಗೆದುಕೊಳ್ಳುತ್ತವೆ. ಅದಕ್ಕೆ ಮೆಮೊರಿ ಟ್ರೇನಿಂಗ್ ಎನ್ನುತ್ತಾರೆ. ರ್‍ಯಾಮ್ ಕೆಟ್ಟಿದೆ ಎಂದು ಎಷ್ಟೋ ಜನ ಅಂಗಡಿಗೆ ವಾಪಸ್ ಕೊಂಡುಹೋಗುವುದು ಈ ಹೊತ್ತಲ್ಲೇ. ನಡುವೆ ಕರೆಂಟ್ ಹೋಗಿ ಬಂತು, ಮಳೆಗಾಲ ಅಲ್ವಾ. ಇನ್ವರ್ಟರ್ ಲೈನಿಗೆ ಹಾಕಿ ಮತ್ತೆ ಕಾದೆವು. ಸ್ಕ್ರೀನಿನಲ್ಲಿ ಬಯೋಸ್, ಅಂದರೆ ಬೋರ್ಡಿನದೇ ಸೆಟ್ಟಿಂಗ್ ಪುಟ, ಬಂತು. 7600ರ ಒಳಗೇ ಗ್ರಾಫಿಕ್ಸ್ ಇರುವುದರಿಂದ ಮಾನಿಟರ್ ಕೇಬಲನ್ನು ನೇರ ಬೋರ್ಡಿಗೇ ಹಾಕಿದ್ದೆ.

ಅಂದರೆ ಸಾಮಾನೆಲ್ಲ ಸರಿ ಇದೆ, ತಕರಾರು ಕ್ಯಾಬಿನೆಟ್ಟಿನದ್ದು. ಟಾರ್ಚ್ ಬಿಟ್ಟು ನೋಡಿದೆ. ಅಣ್ಣನ ಹಳೇ ಬೋರ್ಡ್ ಮೈಕ್ರೋ ಎಟಿಎಕ್ಸ್, ಚಿಕ್ಕದು. ಅದರ ಕೆಳಸಾಲಿನ ಹಿತ್ತಾಳೆ ಸ್ಟ್ಯಾಂಡ್‌ಆಫ್‌ಗಳು (ಬೋರ್ಡನ್ನು ಕ್ಯಾಬಿನೆಟ್ಟಿನ ತಗಡಿಗೆ ತಾಗದಂತೆ ಎತ್ತಿ ಹಿಡಿಯುವ ಪುಟ್ಟ ಕಾಲುಗಳು) ಹಾಗೇ ಉಳಿದಿದ್ದವು. ದೊಡ್ಡ ಎಟಿಎಕ್ಸ್ ಬೋರ್ಡಿಗೆ ಅಲ್ಲಿ ಸ್ಕ್ರೂ ತೂತೇ ಇಲ್ಲ. ಬೋರ್ಡ್ ಮಗುಚಿದರೆ, ಬೆಸುಗೆಯ ಚುಕ್ಕೆಗಳ ಮೇಲೆ ಉಗುರಗಲದ ಹೊಳೆಯುವ ಗೀರು. ಹಿತ್ತಾಳೆ ಒತ್ತಿ ಕೂತಿದ್ದ ಜಾಗ ಅದೇ.

ಇಕ್ಕಳದಲ್ಲಿ ಅವನ್ನು ಬಿಚ್ಚಿದೆ. ಬೋರ್ಡ್ ಕೂರಿಸುವ ಮೊದಲು ಪ್ರತಿ ತೂತಿನ ಕೆಳಗೆ ಸ್ಟ್ಯಾಂಡ್‌ಆಫ್ ಇದೆಯಾ, ತೂತಿಲ್ಲದ ಕಡೆ ಎಲ್ಲೂ ಇಲ್ವಾ ಎಂದು ಹುಡುಗನಿಂದಲೇ ನೋಡಿಸಿದೆ. ಈ ಸಲ ಬಟನ್ ಒತ್ತಿದಾಗ ಫ್ಯಾನ್ ನಿಲ್ಲಲಿಲ್ಲ. ಎರಡನೇ ರ್‍ಯಾಮ್ ಹಾಕಿದಾಗ ಮತ್ತೆ ಟ್ರೇನಿಂಗ್, ಬಯೋಸ್‌ನಲ್ಲಿ ಎಕ್ಸ್‌ಪೋ (ರ್‍ಯಾಮನ್ನು ಅದರ ಪೂರ್ತಿ ವೇಗದಲ್ಲಿ ಓಡಿಸುವ ಸೆಟ್ಟಿಂಗ್) ಆನ್ ಮಾಡಿದಾಗ ಇನ್ನೊಮ್ಮೆ. ಕೊನೆಗೆ ಗ್ರಾಫಿಕ್ಸ್ ಕಾರ್ಡ್ ಕೂರಿಸಿ, ಮಾನಿಟರ್ ಕೇಬಲನ್ನು ಅದಕ್ಕೆ ಬದಲಿಸಿ, ವಿಂಡೋಸ್ ಪೆನ್‌ಡ್ರೈವ್ ಚುಚ್ಚಿ ಎದ್ದೆ.