ಹುಳ ಗೂಡು ಕಟ್ಟೋ ಟೈಮ್‌ಲ್ಯಾಪ್ಸ್: 10 ಸೆಕೆಂಡಿಗೆ ಶುರು, 60ಕ್ಕೆ ಮುಗಿಸಿದ್ದು

ರೇಷ್ಮೆ ಹುಳ ಗೂಡು ಕಟ್ಟೋದನ್ನ ಆಕ್ಷನ್ ಕ್ಯಾಮೆರಾಲಿ ಟೈಮ್‌ಲ್ಯಾಪ್ಸ್ (ಬಿಟ್ಟು ಬಿಟ್ಟು ಫೋಟೋ ತೆಗ್ದು ಜೋಡಿಸಿ ಚಿಕ್ಕ ವಿಡಿಯೋ ಮಾಡೋದು) ತೆಗೀತೀನಿ ಅಂದಾಗ ಶಿಡ್ಲಘಟ್ಟದ ನಮ್ಮ ಸ್ಟುಡಿಯೋ ಹುಡುಗ್ರಲ್ಲಿ ಒಬ್ರೂ ಒಪ್ಲಿಲ್ಲ. ಅದಕ್ಕೆ ಡಿಎಸ್ಎಲ್ಆರ್, ಮ್ಯಾಕ್ರೋ ಲೆನ್ಸ್ ಬೇಕು ಗುರು, ಇದು ಬೈಕ್ ಹೆಲ್ಮೆಟ್ಟಿಗೆ ಕಟ್ಕೊಳ್ಳೋ ಕ್ಯಾಮೆರಾ ಅಂದ್ರು. ಮನೇಲಿ ಮಾವ ಅವ್ರದ್ದು ಇನ್ನೊಂದು ರಾಗ, ಹುಳದ ಮನೇಲಿ ಲೈಟ್ ಹಾಕಿದ್ರೆ ಹುಳ ಎಲ್ಲಾ ಕತ್ಲೆ ಕಡೆ ಹೋಗಿ ಒತ್ಕೊಂಡು ಜೋಡಿ ಗೂಡು ಕಟ್ಟುತ್ತೆ, ಬೆಳೆ ಕೆಡಿಸ್ಬೇಡಪ್ಪ ಅಂತ. ಅವ್ರು ಹೇಳಿದ್ದು ನಿಜ. ಅದಕ್ಕೆ ಒಂದೇ ಒಂದು ಚಂದ್ರಿಕೆ (ಹುಳ ಗೂಡು ಕಟ್ಟೋ ಬಿದಿರಿನ ತಟ್ಟೆ) ಬೇರೆ ರೂಮಿಗೆ ತಗೊಂಡೋದೆ.

ಇಂಟರ್ವಲ್, ಅಂದ್ರೆ ಒಂದು ಫೋಟೋಗೂ ಇನ್ನೊಂದಕ್ಕೂ ಇರೋ ಗ್ಯಾಪ್, ಆ ವಿಷ್ಯಕ್ಕೆ ಬರ್ತೀನಿ. ಎಲ್ರೂ ಹೇಳೋದು 10 ಸೆಕೆಂಡಿಗೆ ಹಾಕಿ ಮರ್ತುಬಿಡು ಅಂತ. ಹುಳ ಗೂಡು ಮುಗ್ಸಕ್ಕೆ ಎರಡು ದಿನ ಹಿಡೀತದೆ, 48 ಗಂಟೆಗೆ 10 ಸೆಕೆಂಡ್ ಅಂದ್ರೆ 17 ಸಾವಿರದ ಮೇಲೆ ಫ್ರೇಮು, 30 ಎಫ್‌ಪಿಎಸ್‌ಗೆ (ಸೆಕೆಂಡಿಗೆ 30 ಫ್ರೇಮು) ಒಂಬತ್ತೂವರೆ ನಿಮಿಷದ ವಿಡಿಯೋ, ಅದ್ರಲ್ಲಿ ಕೊನೇ ಎಂಟು ನಿಮಿಷ ಬೆಳ್ಳಗೆ ಒಂದು ಗೂಡು ಸುಮ್ನೆ ಕೂತಿರುತ್ತೆ, ಯಾರು ನೋಡ್ತಾರೆ? ಫೋಟೋ ಮೋಡಲ್ಲಿ ತೆಗ್ದು ಆಮೇಲೆ ಆರಕ್ಕೊಂದು ಇಟ್ಕೋ ಅಂತಾರೆ ಕೆಲವ್ರು, ಒಂದು ಫೋಟೋ 5 ಎಂಬಿ ಹಿಡಿದ್ರೂ 85 ಜಿಬಿ ಹತ್ರ ಆಯ್ತು, ನಮ್ಮ ಲ್ಯಾಪ್‌ಟಾಪ್ ಅಷ್ಟನ್ನ ತೆರೆಯೋವಷ್ಟ್ರಲ್ಲಿ ಮುಂದಿನ ಬೆಳೆ ಹುಳ ಹಣ್ಣಾಗಿ ಗೂಡು ಕಟ್ಟಕ್ಕೆ ರೆಡಿ ಇರುತ್ತೆ.

ಇನ್ನು ಶುರುವಿಂದ್ಲೇ 60 ಹಾಕಿದ್ರೆ ಒಂದೂವರೆ ನಿಮಿಷದಲ್ಲಿ ಮುಗಿಯುತ್ತೆ, ಆದ್ರೆ ಹುಳ ಜಾಗ ಹುಡ್ಕೋ ಭಾಗ ಹಾಳು. ಇಲ್ಲಿತ್ತು, ಅಲ್ಲಿತ್ತು, ಮಾಯ. ಅದಕ್ಕೆ ನಾನು ನೋಡೋದು ಒಂದೇ, ಒಂದು ಫ್ರೇಮಿಂದ ಇನ್ನೊಂದಕ್ಕೆ ಹುಳ ತನ್ನ ಅರ್ಧ ಮೈಗಿಂತ ಜಾಸ್ತಿ ಜರುಗ್ಬಾರ್ದು. ಜಾಗ ಹುಡ್ಕಿ ಸುತ್ತಲೂ ಮೊದಲ ಎಳೆ ಹಾಕೋ ಐದು ಗಂಟೆ 10 ಸೆಕೆಂಡ್, ಅಲ್ಲಿಗೆ ಒಂದು ನಿಮಿಷದ ಕ್ಲಿಪ್. ಆಮೇಲೆ ಕ್ಯಾಮೆರಾ ಮುಟ್ಟದೆ ಫೋನಿನ ಆ್ಯಪಲ್ಲೇ 60ಕ್ಕೆ ಬದಲಾಯಿಸ್ತೀನಿ, ಮಿಕ್ಕಿದ್ದು ಒಂದೂ ಕಾಲರಿಂದ ಒಂದೂವರೆ ನಿಮಿಷ. ಒಟ್ಟು ಎರಡೂವರೆ. ಹುಳ ತಲೆಯನ್ನ ಎಂಟರ ಆಕಾರದಲ್ಲಿ ಆಡ್ಸೋದು ಮಾತ್ರ ಯಾವ ಇಂಟರ್ವಲ್ಲಿಗೂ ಸಿಗಲ್ಲ, ನಡುಗಿದಂಗೆ ಕಾಣುತ್ತೆ. ಅದನ್ನ ನಾರ್ಮಲ್ ವಿಡಿಯೋಲೇ ತೆಗೀರಿ.

ದುಡ್ಡು ಹೋಗಿದ್ದು ಬೇರೆ ಕಡೆ. ಫಿಕ್ಸೆಡ್ ಫೋಕಸ್ ಕ್ಯಾಮೆರಾ, ಹತ್ರ ಇಟ್ರೆ ಮಂಜು ಮಂಜು, +10 ಕ್ಲೋಸಪ್ ಗ್ಲಾಸ್ 600 ಚಿಲ್ರೆ ಕೊಟ್ಟು ತಂದೆ, 10 ಸೆಂಟಿಮೀಟರಲ್ಲಿ ಶಾರ್ಪು. 128 ಜಿಬಿ ಅಂತ ಸಂತೇಲಿ ಕೊಂಡ ಕಾರ್ಡು ಡುಪ್ಲಿಕೇಟು, ಒಂದು ಬೆಳೆ ಪೂರ್ತಿ ಅದ್ರಲ್ಲೇ ಹೋಯ್ತು. ಪವರ್ ಬ್ಯಾಂಕಿನ ಕಥೆ ಇನ್ನೂ ಚೆನ್ನಾಗಿದೆ, 60 ಸೆಕೆಂಡ್ ಗ್ಯಾಪಲ್ಲಿ ಕ್ಯಾಮೆರಾ ಕರೆಂಟೇ ಎಳೆಯಲ್ಲ, ಪವರ್ ಬ್ಯಾಂಕು ಏನೂ ಚುಚ್ಚಿಲ್ಲ ಅಂದ್ಕೊಂಡು ತಾನೇ ಆಫ್. ಪಕ್ಕದ ಪೋರ್ಟಿಗೆ ಒಂದು ಸಣ್ಣ ಯುಎಸ್‌ಬಿ ಎಲ್ಇಡಿ ಚುಚ್ಚಿದೆ, 30 ರೂಪಾಯಲ್ಲಿ ಸರಿಹೋಯ್ತು. ಎಲ್ಲಾ ಸೇರಿ ಐದಾರು ಸಾವಿರ ಕೈ ಬಿಟ್ಟಿದೆ, ಕ್ಯಾಮೆರಾ ಬಿಟ್ಟು.

ಇನ್ನೊಂದು, ಹಣ್ಣಾದ ಹುಳ ಗೂಡಿಗೆ ಮುಂಚೆ ಉಚ್ಚೆ ಹೊಯ್ಯುತ್ತೆ, ರೂಮೆಲ್ಲಾ ತೇವ, ಗ್ಲಾಸ್ ಮೇಲೆ ಹಬೆ. ಕಿಟಕಿ ಸ್ವಲ್ಪ ತೆಗ್ದಿಡಿ, ಗೂಡಿಗೂ ಒಳ್ಳೇದು. ಬಣ್ಣ, ಬೆಳಕು ಫ್ರೇಮಿಗೊಂದು ಥರ ಆಗ್ದಂಗೆ ವೈಟ್ ಬ್ಯಾಲೆನ್ಸ್, ಐಎಸ್‌ಒ, ಶಟರ್ ಮೂರೂ ಲಾಕ್, ಲೈಟ್ ಮಿನುಗದಂಗೆ ಆ್ಯಂಟಿ ಫ್ಲಿಕರ್ 50 ಹರ್ಟ್ಜ್. ಹುಳ ಫ್ರೇಮಿಂದ ಆಚೆ ಹೋಗದಂಗೆ ಹೆಂಗೆ ನಿಲ್ಲಿಸ್ದೆ ಅನ್ನೋದನ್ನ ಹೇಳಲ್ಲ, ಅದ್ರಲ್ಲೇ ನನ್ನ ಹೊಟ್ಟೆಪಾಡು.

ಮಧ್ಯದಲ್ಲಿ ಕೈ ತುರಿಸಿ ಹಿಪ್ಪುನೇರಳೆ ಸೊಪ್ಪು ತಿನ್ನೋದನ್ನೂ ತೆಗೆದೆ. ನಾಲ್ಕನೇ ಜ್ವರ (ಪೊರೆ ಬಿಡೋದು) ಎದ್ದ ಹುಳಕ್ಕೆ 2 ಸೆಕೆಂಡ್ ಸಾಕು, 5 ಹಾಕಿದ್ರೆ ಎಲೆ ತಾನಾಗೇ ಕರಗಿದಂಗೆ ಕಾಣುತ್ತೆ.

ಈ ಎರಡೂವರೆ ನಿಮಿಷದ ಕ್ಲಿಪ್ಪನ್ನ ಒಬ್ರು ಚಾಕಿ ಸೆಂಟರಿನವ್ರು (ಮರಿ ಹುಳ ಸಾಕಿ ರೈತ್ರಿಗೆ ಕೊಡೋರು) ಎಂಟು ಸಾವಿರ ಕೊಟ್ಟು ತಗೊಂಡ್ರು, ಈಗ ಹೆಲ್ಮೆಟ್ ಕ್ಯಾಮೆರಾ ಅಂದವ್ರೇ ಸೆಟ್ಟಿಂಗ್ ಕೇಳ್ತಾವ್ರೆ. ಚಳಿಗಾಲದಲ್ಲಿ ಗೂಡು ಕಟ್ಟೋದು ಮೂರು ದಿನ ಎಳೆಯುತ್ತೆ, ಆಗ ಎರಡನೇ ಭಾಗಕ್ಕೆ 2 ನಿಮಿಷದ ಇಂಟರ್ವಲ್ ಹಾಕಿ ನೋಡ್ಬೇಕು ಅಂತಿದೀನಿ.